ಹೆಪ್ಪು

ಕುತೈಸಿಯಲ್ಲಿ, ರಿಯೋನಿ ನದಿಯ ಸೇತುವೆ ದಾಟಿದರೆ
ನಾಜಿಬ್ರೋಲಾಳ ರೊಟ್ಟಿಯಂಗಡಿ.
ಬಾವಿಯ ಹಾಗೆ ಬಾಯ್ದೆರೆದ ಮಣ್ಣಿನ ಒಲೆ;
ಅದರ ಒಳಗೋಡೆಗೆ ಹಿಟ್ಟು ಬಡಿಯಲು
ಸೊಂಟದವರೆಗೆ ಬಗ್ಗುತ್ತಾಳೆ
ಅರವತ್ತೊಂದರ ಹೆಂಗಸು.

ಮಂಗಳವಾರ ಬೆಳಿಗ್ಗೆ ಆರಕ್ಕೆ ಫೋನು:
"ಜುಂಬೆರ್, ಕಂಪ್ಯೂಟರಿಗೆ ಏನೋ ಬಡಿದಿದೆ,
ಕೆಂಪಗೆ ನನ್ನನ್ನೇ ನೋಡುತ್ತಿದೆ."
ನಾನು ರಿಪೇರಿಯವನು.
ಸ್ಕ್ರೂಡ್ರೈವರು, ಎರಡು ವೈರು,
ಯಾರೂ ಕೇಳದ ಬುದ್ಧಿಮಾತು ಒಂದು ಚೀಲ
ಹೊತ್ತುಕೊಂಡು ಹೋದೆ.

ಹಿಟ್ಟಿನ ಗಿರಣಿಯ ಹೆಸರಲ್ಲಿ ಬಂದಿದ್ದ ಬಿಲ್ಲು.
ಮುದ್ರೆಯಿತ್ತು, ಒಟಾರನ ಸಹಿಯೂ ಇತ್ತು.
ವಿಳಾಸದಲ್ಲಿ ಒಂದೇ ಒಂದು ಅಕ್ಷರ ಹೆಚ್ಚು,
ಕಾಳಿನಲ್ಲಿ ಕಲ್ಲಿದ್ದ ಹಾಗೆ.
ಆರಿಸಲು ಪುರುಸೊತ್ತೆಲ್ಲಿ? ಒಲೆ ಕಾದಿತ್ತು.
ಹಿಟ್ಟಿನ ಬೆರಳಲ್ಲಿ ಒತ್ತಿದಳು.
ಅಷ್ಟೇ.
ಹದಿನಾಲ್ಕು ವರ್ಷದ ಲೆಕ್ಕ,
ಯಾವ ಹೋಟೆಲಿಗೆ ಎಷ್ಟು, ಯಾರ ಮದುವೆಗೆ ಎಷ್ಟು,
ಯಾರು ಇನ್ನೂ ಕೊಟ್ಟಿಲ್ಲ,
ಎಲ್ಲಕ್ಕೂ ಬೀಗ.
ಕೀಲಿ ಎಲ್ಲೋ ಹೆಸರಿಲ್ಲದವನ ಜೇಬಿನಲ್ಲಿ;
ಅದಕ್ಕೊಂದು ಬೆಲೆ, ಮೂರು ದಿನದ ಗಡುವು.

"ಕೊಡಬೇಡ," ಅಂದೆ. "ಕೊಟ್ಟರೂ ಕೀಲಿ ಬಂದೀತೆಂದು
ಯಾವ ಸಂತನೂ ಆಣೆಯಿಡಲಾರ.
ನಕಲು ಇದೆಯಾ?"
"ಇದೆ."
"ಎಲ್ಲಿ?"
"ಇದರಲ್ಲೇ."
ತಿಜೋರಿಯ ಜೋಡಿ ಕೀಲಿಯನ್ನು
ತಿಜೋರಿಯೊಳಗೇ ಇಟ್ಟ ಜಾಣತನಕ್ಕೆ
ಬಯ್ಯೋಣವೆಂದು ಬಾಯಿ ತೆರೆದೆ.

ಅಷ್ಟರಲ್ಲಿ ಅವಳು ಎದ್ದಳು, ಹೆಪ್ಪು ಹಾಕಲು.
ಕಂಪ್ಯೂಟರು ಸತ್ತರೆ ರೊಟ್ಟಿ ಕಾಯುತ್ತದೆಯೇ?
ಗಾಜಿನ ಭರಣಿಯಲ್ಲಿ ಗುಳುಗುಳು ಉಸಿರಾಡುವ ಹುಳಿ ಕಣಕ;
ನಾವದನ್ನು ರೊಟ್ಟಿಯ ತಾಯಿ ಅನ್ನುತ್ತೇವೆ.
"ಇದು ಸತ್ತರೆ?" ಸುಮ್ಮನೆ ಕೇಳಿದೆ.
"ಸತ್ತರೇನು? ತಂಗಿ ಎಟೇರಿಯ ಹತ್ತಿರ ಒಂದು ಪಾಲಿದೆ,
ಜೆಸ್ತಫೋನಿಯಲ್ಲಿ.
ಒಣಗಿಸಿದ್ದೊಂದು ಬಟ್ಟೆಗಂಟಿನಲ್ಲಿದೆ,
ಚರ್ಚಿನ ಪಕ್ಕದ ಮುದುಕಿಯ ಮನೆಯಲ್ಲಿ.
ಕರೆಂಟಿಲ್ಲದ ಆ ಚಳಿಗಾಲಗಳಲ್ಲಿ ಎರಡು ಸಲ ಸತ್ತಿತು,
ಎರಡು ಸಲ ತಂಗಿಯ ಮನೆಯಿಂದ ಹುಟ್ಟಿ ಬಂತು.
ವಾರಕ್ಕೊಮ್ಮೆ ಕೇಳುತ್ತೇನೆ, ಉಬ್ಬುತ್ತಿದೆಯೇನೇ?
ಉಬ್ಬದ ಹೆಪ್ಪು ಇದ್ದರೆಷ್ಟು, ಬಿಟ್ಟರೆಷ್ಟು."

ನನ್ನ ಚೀಲದ ಬುದ್ಧಿಯೆಲ್ಲ
ಆ ಭರಣಿಯಲ್ಲಿ ಉಸಿರಾಡುತ್ತಿತ್ತು.
"ಲೆಕ್ಕಕ್ಕೂ ಹೀಗೇ ಮಾಡಬೇಕಿತ್ತು," ಅಂದೆ ಮೆಲ್ಲಗೆ.
ನಾದುವ ಕೈ ನಿಂತಿತು.
"ನಾಲ್ಕು ವರ್ಷದಿಂದ ಬ್ಯಾಕಪ್ ಬ್ಯಾಕಪ್ ಅಂತ ಕೊರೆದೆಯಲ್ಲ,
ಅದು ಹೆಪ್ಪಿನ ಮಾತೇ?
ಹಾಗಂತ ಹೇಳೋದಕ್ಕೆ ನಿನಗೇನು ರೋಗ?"

ಲೆಕ್ಕ ಮರಳಿ ಬರಲಿಲ್ಲ.
ಒಲೆಯ ಪಕ್ಕದ ಗೋಡೆಯಲ್ಲಿ ಸೀಮೆಸುಣ್ಣದ ಗೀಟುಗಳಿದ್ದವು;
ಅವನ್ನೆಣಿಸಿದೆವು.
ಕೆಲವರು ತಾವಾಗಿ ಬಂದು ಬಾಕಿ ಒಪ್ಪಿಸಿದರು;
ಹೋಟೆಲಿನ ವಖ್ತಾಂಗಿ ಮಾತ್ರ
ಆ ತಿಂಗಳೆಲ್ಲ ಆಚೆ ದಡದಲ್ಲೇ ನಡೆದ.

ಈಗ ಶುಕ್ರವಾರ ಸಂಜೆ ಒಂದು ಪುಟ್ಟ ಡಿಸ್ಕು
ಬಿಸಿ ರೊಟ್ಟಿಯ ಜೊತೆ ಮಿನಿಬಸ್ಸೇರಿ
ತಂಗಿಯ ಮನೆಗೆ ಹೋಗುತ್ತದೆ,
ಹೋದ ವಾರದ್ದು ಹಿಂದಿರುಗುತ್ತದೆ.
ತೆರೆದು ನೋಡುತ್ತಾಳೆ, ಉಬ್ಬಿದೆಯಾ ಅಂತ.
ಗಿರಣಿಯ ಬ್ಯಾಂಕ್ ಖಾತೆ ಬದಲಾಗಿದೆಯೆಂದು ಮೇಲ್ ಬಂದರೆ
ಅದರಲ್ಲಿರುವ ನಂಬರಿಗಲ್ಲ,
ಗೋಡೆಯ ಮೇಲಿನ ಹಳೇ ನಂಬರಿಗೆ ಫೋನು:
"ಒಟಾರ್, ಮಂಡಿ ಹೇಗಿದೆಯಪ್ಪಾ?"
ಎಡದ್ದೋ ಬಲದ್ದೋ ಅವನು ಸರಿಯಾಗಿ ಹೇಳಿದ ಮೇಲೆಯೇ
ದುಡ್ಡಿನ ಮಾತು.

ಆ ರಾತ್ರಿ ನನ್ನ ಅಂಗಡಿಯಲ್ಲಿ ದೀಪ ಹಾಕಿ ನೋಡಿದೆ:
ಗಿರಾಕಿಗಳ ಪಟ್ಟಿ, ಸತ್ತ ಅಮ್ಮನ ಫೋಟೊಗಳು,
ಎಲ್ಲ ಒಂದೇ ಪೆಟ್ಟಿಗೆಯಲ್ಲಿ.
ವೈದ್ಯನ ಮನೆಯ ಕೆಮ್ಮು.
ಬೆಳಗಾಗುವವರೆಗೆ ನಕಲಿಳಿಸಿದೆ.

ಮರುದಿನ ಅವಳ ಪರದೆಗಂಟಿದ್ದ ಹಳದಿ ಚೀಟಿ ಕಿತ್ತೆ:
ಮೊಮ್ಮಗನ ಹೆಸರು, ಹುಟ್ಟಿದ ವರ್ಷ.
"ಉದ್ದದ್ದು ಬೇಕು. ನಾಲ್ಕೈದು ಮಾತು,
ಒಂದಕ್ಕೊಂದು ಸಂಬಂಧವಿಲ್ಲದ್ದು,
ಯಾರೂ ಊಹಿಸಲಾರದ್ದು."
ಅವಳು ಒಲೆ ನೋಡಿದಳು, ನದಿ ನೋಡಿದಳು,
ಏನೋ ನೆನಪಾಗಿ ಕಿವಿವರೆಗೂ ಕೆಂಪಾದಳು,
ಬೆನ್ನು ತಿರುಗಿಸಿ ಒಂದೊಂದೇ ಅಕ್ಷರ ಒತ್ತಿದಳು.
"ಏನಿಟ್ಟೆ?"
ರೊಟ್ಟಿ ಮುರಿದು ಅರ್ಧ ನನ್ನ ಕೈಗಿಟ್ಟಳು:
"ಇದನ್ನು ಕೇಳು, ಕೊಡುತ್ತೇನೆ."